ಎರಡನೇ ಶನಿವಾರ, ಜೆರಾಕ್ಸ್ ಅಂಗಡಿ ಮಹಡಿ

ತುಮಕೂರಿನ ನಮ್ಮ ಜೆರಾಕ್ಸ್ ಅಂಗಡಿಯ ಮೇಲೆ ಒಂದು ರೂಮಿದೆ. 18 ಅಡಿ ಉದ್ದ, 11 ಅಡಿ ಅಗಲ. ವಾರದ ದಿನಗಳಲ್ಲಿ ಅಲ್ಲಿ ಎ4 ಕಾಗದದ ಬಂಡಲುಗಳು, ಸ್ಪೈರಲ್ ಬೈಂಡಿಂಗ್ ಮಿಷನ್ನು, ರಿಪೇರಿಗೆ ಒಯ್ಯಬೇಕು ಒಯ್ಯಬೇಕು ಅಂತ ನಾಲ್ಕು ವರ್ಷದಿಂದ ಮೂಲೆ ಹಿಡಿದಿರುವ ಒಂದು ಪ್ರಿಂಟರು. ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳು ಬಂದು ನನ್ನೆದುರು ಕೂತು ಮೃದಂಗದ ಮೊದಲ ಪಾಠ ತ ದಿ ತೊಂ ನಂ ಬಾರಿಸುತ್ತಾರೆ. ತಿಂಗಳ ಎರಡನೇ ಶನಿವಾರ ಸಂಜೆ ಆರೂವರೆಗೆ ಬಂಡಲುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ಜಮಖಾನ ಹಾಸಿ, ಕಿಟಕಿ ತೆಗೆದು ಕೂರುತ್ತೇವೆ. ಸಂಗೀತ ಕಲಿತವರು ಯಾರು ಬೇಕಾದರೂ ಬರಬಹುದು, ಹಾಡಬಹುದು, ನುಡಿಸಬಹುದು. ತಲೆಗೆ 12 ನಿಮಿಷ. ಬರುವವರಿಗೆಲ್ಲ ನಾನೇ ಮೃದಂಗ.

ಒಂದು ಹೆಸರಿಡಿ ಸಾರ್ ಅಂತ ಎಷ್ಟೋ ಜನ ಹೇಳಿದರು. ಇಡಲಿಲ್ಲ. ಸರ್ಕಾರಿ ನೌಕರರಿಗೆ, ಬ್ಯಾಂಕಿನವರಿಗೆ ಅವತ್ತು ರಜ, ಹಾಗಾಗಿ ‘ಎರಡನೇ ಶನಿವಾರ’ ಅನ್ನುವುದೇ ಹೆಸರಾಗಿ ಉಳಿದುಕೊಂಡಿತು. ಮಗಳು ಮಾತ್ರ ‘ಅಪ್ಪನ ಓಪನ್ ಮೈಕ್’ ಅನ್ನುತ್ತಾಳೆ. ಮೈಕೇ ಇಲ್ಲವಲ್ಲೇ ಅಂದರೆ ನಗುತ್ತಾಳೆ.

ಅವಳಿಂದಲೇ ಶುರುವಾಗಿದ್ದು ಅನ್ನಬೇಕು. ಬೆಂಗಳೂರಿನಲ್ಲಿ ಕೆಲಸ ಅವಳಿಗೆ. ಒಂದು ಸಲ ನನ್ನನ್ನು ಅಲ್ಲಿನ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಹುಡುಗ ಹುಡುಗಿಯರು ಚೀಟಿಯಲ್ಲಿ ಹೆಸರು ಬರೆಸಿ, ಸರದಿ ಬಂದಾಗ ಎದ್ದು ಹೋಗಿ, ಒಬ್ಬ ನಗಿಸುತ್ತಾನೆ, ಒಬ್ಬಳು ಪದ್ಯ ಓದುತ್ತಾಳೆ, ಇನ್ನೊಬ್ಬ ಗಿಟಾರ್ ಹಿಡಿದು ಹಾಡುತ್ತಾನೆ. ಐದು ನಿಮಿಷ ಆಗುತ್ತಿದ್ದಂತೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ತೋರಿಸುತ್ತಾರೆ, ಇಳೀಬೇಕು. ಒಬ್ಬ ಹುಡುಗನ ಜೋಕಿಗೆ ಒಂದು ನರಪಿಳ್ಳೆಯೂ ನಗಲಿಲ್ಲ. ಅವನು ‘ಸರಿ, ಇದು ಕೆಲಸ ಮಾಡಲ್ಲ, ಮನೇಲಿ ತಿದ್ಕೋತೀನಿ’ ಅಂದು ಪುಸ್ತಕದಲ್ಲಿ ಗೀಟು ಹಾಕಿಕೊಂಡ. ಅದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ಬಸ್ಸಿನಲ್ಲಿ ವಾಪಸು ಬರುವಾಗ ದಾಬಸ್‌ಪೇಟೆವರೆಗೂ ಆ ಗೀಟೇ ಕಣ್ಣೆದುರಿಗಿತ್ತು. ಮೂವತ್ತು ವರ್ಷದಿಂದ ಮೃದಂಗ ಬಾರಿಸುತ್ತಿದ್ದೇನೆ, ತಪ್ಪಿದಾಗ ‘ತಪ್ಪಿತು, ತಡೀರಿ’ ಅಂತ ವೇದಿಕೆ ಮೇಲೆ ಹೇಳಿದವರನ್ನು ಒಬ್ಬರನ್ನೂ ನೋಡಿಲ್ಲ. ನಾನೂ ಹೇಳಿಲ್ಲ. ತಪ್ಪಿದರೆ ಮುಖ ಗಂಭೀರ ಮಾಡಿಕೊಂಡು, ಪಿಟೀಲಿನವರ ಕಡೆ ಒಂದು ಸಲ ನೋಡುವುದು. ಸಭಿಕರು ಅವರದೇ ತಪ್ಪು ಅಂದುಕೊಳ್ಳಲಿ ಅಂತ.

ನಮ್ಮ ಸಂಗೀತದವರಿಗೆ ಇದು ಹೊಸದೇನೂ ಅಲ್ಲ ನಿಜ. ಪುಷ್ಯ ಬಹುಳ ಪಂಚಮಿ ಬಂತು ಅಂದರೆ ಊರೂರಲ್ಲಿ ತ್ಯಾಗರಾಜರ ಆರಾಧನೆ. ಪಾಠ ಹೇಳುವವರೆಲ್ಲ ತಮ್ಮ ಶಿಷ್ಯರನ್ನು ಸಾಲಾಗಿ ಕೂರಿಸಿ ಒಂದೊಂದು ಕೃತಿ ಹಾಡಿಸುತ್ತಾರೆ. ತ್ಯಾಗರಾಜರ ಸಮಾಧಿ ಇರುವ ತಿರುವೈಯಾರಿನಲ್ಲೇ ದೊಡ್ಡವರಿಗೂ ಸಿಗುವುದು ಕೆಲವೇ ನಿಮಿಷ. ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಗುರುಪೂರ್ಣಿಮೆಗೆ ಹೋದವರಿಗೆ ಗೊತ್ತು, ಯೋಗಿ ನಾರೇಯಣ ತಾತಯ್ಯನವರ ಸನ್ನಿಧಿಯಲ್ಲಿ 72 ಗಂಟೆ ಸಂಗೀತ ನಿಲ್ಲುವುದೇ ಇಲ್ಲ. ದೊಡ್ಡ ವಿದ್ವಾಂಸರು ಎದ್ದು ಹೋದ ಜಾಗದಲ್ಲಿ ಹಳ್ಳಿಯ ಭಜನೆಯವರು ಬಂದು ಕೂರುತ್ತಾರೆ. ಅಲ್ಲಿ ರಾತ್ರಿ ಮೂರು ಗಂಟೆಗೆ, ಯಾರು ಅಂತಲೂ ಗೊತ್ತಿಲ್ಲದ ಗಾಯಕರೊಬ್ಬರಿಗೆ ಬಾರಿಸಿದ್ದು ನನ್ನ ಜೀವನದ ಒಳ್ಳೆಯ ಕಚೇರಿಗಳಲ್ಲಿ ಒಂದು. ಕೇಳುವವರಲ್ಲಿ ಅರ್ಧ ಜನ ಮಲಗಿದ್ದರು. ಅದಕ್ಕೇ ಚೆನ್ನಾಗಿ ಬಂತೋ ಏನೋ.

ಆದರೆ ಇವೆಲ್ಲ ವರ್ಷಕ್ಕೊಂದು ಸಲ. ಮಿಕ್ಕ ದಿನ? ಜೂನಿಯರ್ ಪರೀಕ್ಷೆ, ಸೀನಿಯರ್ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿ, ಮದುವೆಯಾಗಿ, ಸರ್ಟಿಫಿಕೇಟ್ ಲ್ಯಾಮಿನೇಶನ್ ಮಾಡಿಸಿ ಬೀರುವಿನಲ್ಲಿ ಇಟ್ಟವರು ನಮ್ಮ ಊರಲ್ಲಿ ಎಷ್ಟು ಜನ! ಲ್ಯಾಮಿನೇಶನ್ ಮಾಡಿದವನು ನಾನೇ ಆದ್ದರಿಂದ ಹೇಳುತ್ತಿದ್ದೇನೆ. ಪರೀಕ್ಷಕರನ್ನು ಬಿಟ್ಟರೆ ಬೇರೆ ಯಾರ ಮುಂದೆಯೂ ಅವರು ಹಾಡಿಲ್ಲ.

ಮಗಳು ಆಮೇಲೆ ಇನ್ನೊಂದು ವಿಷಯ ಹುಡುಕಿ ತೋರಿಸಿದಳು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ಚರಿತ್ ಪ್ರೇಮವರ್ಧನ ಅನ್ನುವ ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು) ವಾದಕರು, ರೆವಲ್ಯೂಷನ್ ಕೆಫೆ ಅನ್ನುವ ಪುಟ್ಟ ಜಾಗದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರನ್ನು ಕೂಡಿಸಿ ನುಡಿಸುವುದಕ್ಕೆ ಶುರು ಮಾಡಿದರಂತೆ. ಸೂಟು ಬೂಟು ಇಲ್ಲ, ದೊಡ್ಡ ಹಾಲ್ ಇಲ್ಲ. ಪಕ್ಕದಲ್ಲಿ ಲೋಟ ಇಡುವ ಸದ್ದು, ಮಾತಿನ ಸದ್ದು. ಅದು ಕ್ಲಾಸಿಕಲ್ ರೆವಲ್ಯೂಷನ್ ಅಂತ ಹೆಸರಾಗಿ ಬೇರೆ ಬೇರೆ ಊರಿಗೂ ಹಬ್ಬಿತು. ಸರಿ, ಅವರಿಗೂ ನಮ್ಮದೇ ರೋಗ ಅಂದುಕೊಂಡೆ. ರೂಮು ಗುಡಿಸಿದೆ.

ಮೈಕು ಬೇಡ ಅಂದದ್ದು ಜಿಪುಣತನದಿಂದ ಮಾತ್ರ ಅಲ್ಲ. ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿದ್ದೇ ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ನಾದ ಮುಟ್ಟಲಿ ಅಂತ. 18 ಅಡಿ ರೂಮಿನಲ್ಲಿ ಕೊನೆಯ ಸಾಲು ಅಂದರೆ ಎರಡನೇ ಸಾಲು. ಮೈಕು ಕೈಗೆ ಸಿಕ್ಕರೆ ನಮ್ಮ ಜನಕ್ಕೆ ಭಾಷಣ ಮಾಡುವ ಆಸೆ ಬಂದುಬಿಡುತ್ತದೆ, ಅದೂ ಒಂದು ಭಯ. ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ನಮಗೆ ಒಂದೂವರೆ ಗಂಟೆಯ ಕಚೇರಿ ಅಂತ ಒಪ್ಪಿಸಿದ್ದರು. ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಮುಖ್ಯ ಅತಿಥಿಗಳ ಮಾತು, ಸನ್ಮಾನ. ನಾನು ಪರದೆ ಹಿಂದೆ ನಾದ ತುಂಬಿ ಬರಲಿ ಅಂತ ಮೃದಂಗಕ್ಕೆ ರವೆ ಮೆತ್ತಿಕೊಂಡು ಕೂತು ಎಣಿಸಿದೆ, 14 ಶಾಲು. ಎಡಗಡೆಗೆ ಮೆತ್ತಿದ ರವೆ ಒಣಗಿ ಎರಡು ಸಲ ಹೊಸದಾಗಿ ಮೆತ್ತಬೇಕಾಯಿತು. ಕೊನೆಗೆ ನಮಗೆ ಸಿಕ್ಕಿದ್ದು 25 ನಿಮಿಷ. ಗಾಯಕರು ಕಲ್ಯಾಣಿ ರಾಗ ಎತ್ತಿಕೊಂಡು ಇನ್ನೂ ತಾರ ಷಡ್ಜ ಮುಟ್ಟಿಲ್ಲ, ಸಂಘಟಕರು ಬಂದು ಕಿವಿಯಲ್ಲಿ ‘ಬೇಗ ಮುಗಿಸಿ, ಊಟ ಆರುತ್ತೆ’ ಅಂದರು.

ಆ ಸಿಟ್ಟಿನಲ್ಲೇ ನಿಯಮ ಮಾಡಿದ್ದು. ಶಾಲಿಲ್ಲ, ಹಾರ ಇಲ್ಲ, ಫ್ಲೆಕ್ಸ್ ಇಲ್ಲ, ಪಾಂಪ್ಲೆಟ್ ಇಲ್ಲ, ಸ್ವಾಗತ ವಂದನಾರ್ಪಣೆ ಇಲ್ಲ, ವಿಡಿಯೋ ಇಲ್ಲ. ತಪ್ಪಿದರೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಈ ಕೊನೆಯದ್ದೇ ಮುಖ್ಯ. ಜೆರಾಕ್ಸ್ ಅಂಗಡಿಯವನ ಮಹಡಿಯಲ್ಲಿ ಒಂದು ತುಂಡು ಕಾಗದವೂ ಇಲ್ಲದ ಕಾರ್ಯಕ್ರಮ ಅಂತ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಟೈಮಿಗೆ ಟಾರ್ಚ್ ಬೇಕಾಗಲಿಲ್ಲ. ನನ್ನ ಕೈಯಲ್ಲಿ ಅದಕ್ಕಿಂತ ಒಳ್ಳೆಯದಿದೆ. 12 ನಿಮಿಷ ದಾಟಿತು ಅಂದರೆ ಒಂದು ದೊಡ್ಡ ಮುಕ್ತಾಯ ಬಾರಿಸಿಬಿಡುತ್ತೇನೆ. ಮೂರು ಆವೃತ್ತಿ ಆಗಿ ಸಮಕ್ಕೆ ಬಂದು ಬಿದ್ದ ಮೇಲೆ ಯಾವ ಗಾಯಕರಿಗೂ ಅದೇ ಸಾಲನ್ನು ಬೇರೆ ತರಹ ತಿರುಗಿಸಿ ಇನ್ನೊಂದು ಸಂಗತಿ ಹಾಕುವ ಧೈರ್ಯ ಇರುವುದಿಲ್ಲ.

ಕಷ್ಟ ಇರುವುದು ಶ್ರುತಿಯಲ್ಲಿ, ಅಂದರೆ ಹಾಡುವವರ ದನಿಯ ಎತ್ತರದಲ್ಲಿ. ಅಂಕಿ ಹೆಚ್ಚಿದಷ್ಟೂ ದನಿ ಮೇಲೆ. ಹೆಂಗಸರು ಐದು, ಐದೂವರೆ. ಗಂಡಸರು ಒಂದು, ಒಂದೂವರೆ, ಎರಡು. ನನ್ನ ಹತ್ತಿರ ಇರುವುದು ಎರಡೇ ಮೃದಂಗ, ಹೆಚ್ಚಿನ ಶ್ರುತಿಗೆ ಗಿಡ್ಡನೆಯದು ಒಂದು, ತಗ್ಗಿನ ಶ್ರುತಿಗೆ ಉದ್ದನೆಯದು ಒಂದು. ನಡುವಿನವರು ಬಂದರೆ ಕಲ್ಲು ತೆಗೆದುಕೊಂಡು ಸುತ್ತಲೂ ತಟ್ಟಿ ತಟ್ಟಿ ಏರಿಸಬೇಕು, ಇಳಿಸಬೇಕು. ಪ್ರತಿಯೊಬ್ಬರಿಗೂ ಹೀಗೆ ಐದು ನಿಮಿಷ ಕುಟ್ಟುತ್ತ ಕೂತರೆ ಕೆಳಗಿನ ಬೀದಿಯವರು ಮೇಲೆ ಕಟ್ಟಡದ ಕೆಲಸ ನಡೀತಿದೆ ಅಂದುಕೊಳ್ಳುತ್ತಾರೆ. ರಿಹರ್ಸಲ್ ಇಲ್ಲ. ಯಾವ ತಾಳ ಅಂತ ಕೇಳಿದರೆ ‘ಆದಿ ಇರಬೇಕು ಸಾರ್’ ಅಂದವರೂ ಇದ್ದಾರೆ. ಹೆದರಿಕೊಂಡವರು ಓಡುತ್ತಾರೆ, ಪಲ್ಲವಿಯಲ್ಲಿ ನಡೆದುಕೊಂಡು ಹೋಗುತ್ತಿದ್ದ ಕಾಲ ಚರಣಕ್ಕೆ ಬರುವಷ್ಟರಲ್ಲಿ ಬಸ್ಸು ಹಿಡಿಯುವವರ ಹಾಗಾಗಿರುತ್ತದೆ. ಅವರನ್ನು ಎಳೆದು ಹಿಡಿಯಬಾರದು. ಎಳೆದರೆ ಇನ್ನೂ ಹೆದರುತ್ತಾರೆ. ಜೊತೆಯಲ್ಲೇ ಓಡಿ, ಎರಡು ಆವೃತ್ತಿ ಕಳೆದ ಮೇಲೆ ಬೆರಳು ಕಡಿಮೆ ಮಾಡಿ, ಎಡಗೈಯ ಗುಮುಕಿ ಒಂದೊಂದೇ ಕೊಟ್ಟುಕೊಂಡು ಬಂದರೆ ಅವರಾಗಿ ನಿಧಾನ ಆಗುತ್ತಾರೆ. ಇದನ್ನು ನನಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರಿಗೆ ಬಾರಿಸುವಾಗ ಇದರ ಅಗತ್ಯವೂ ಬರುವುದಿಲ್ಲ.

ಜೀವವಿಮೆಯಲ್ಲಿ ಕೆಲಸ ಮಾಡುವ ಒಬ್ಬ ಮೇಡಂ ಬರುತ್ತಾರೆ. ಸೀನಿಯರ್ ಮುಗಿಸಿ 22 ವರ್ಷ ಆದಮೇಲೆ ಮತ್ತೆ ಬಾಯಿ ತೆಗೆದವರು. ಮೊದಲ ದಿನ ಮೋಹನ ರಾಗದ ವರ್ಣ ಎತ್ತಿಕೊಂಡು, ನಡುವೆ ಬರುವ ಸ್ವರಗಳ ಸಾಲು ಚಿಟ್ಟೆಸ್ವರದ ಹತ್ತಿರ ನಿಂತರು. ‘ಸಾರಿ ಸಾರ್, ಮತ್ತೆ.’ ಮತ್ತೆ ಅಲ್ಲೇ ನಿಂತರು. ಮೂರನೇ ಸಲ ನಿಂತಾಗ ಕಣ್ಣಲ್ಲಿ ನೀರು. ರೂಮಿನಲ್ಲಿ ಹನ್ನೊಂದು ಜನ, ಯಾರೂ ಸಮಾಧಾನ ಹೇಳಲಿಲ್ಲ, ಯಾರೂ ಕೆಮ್ಮಲಿಲ್ಲ, ಸುಮ್ಮನೆ ತಾಳ ಹಾಕುತ್ತ ಇದ್ದರು. ನಾಲ್ಕನೇ ಸಲ ದಾಟಿದರು. ದಾಟಿದ ಖುಷಿಗೆ ಮುಂದಿನ ಚರಣದ ಸಾಹಿತ್ಯ ಮರೆತರು.

ಅವರೇ ಇನ್ನೊಂದು ತಿಂಗಳು ಅದೇ ವರ್ಣ ಹಾಡಿದ ದಿನ ಶಿರಾ ಕಡೆಯ ರೈತರೊಬ್ಬರು ಬಂದಿದ್ದರು. ತುಮಕೂರು ಜಿಲ್ಲೆಯ ಪೌರಾಣಿಕ ನಾಟಕದ ಹುಚ್ಚು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನ ಇಲ್ಲ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದ ಮಣ್ಣು ಇದು. ಈಗಲೂ ಹಳ್ಳಿಗಳಲ್ಲಿ ಕೈಯಿಂದ ದುಡ್ಡು ಹಾಕಿ ಪಾರ್ಟು ತಗೊಂಡು, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ರಾತ್ರಿಯೆಲ್ಲ ಕುಣಿಯುತ್ತಾರೆ. ಇವರದು ದುರ್ಯೋಧನನ ಪಾರ್ಟು. ಶ್ರುತಿ ಎಷ್ಟು ಅಂದೆ. ‘ಕಪ್ಪು ಎರಡು ಸಾರ್’ ಅಂದರು, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ. ಒಂದೂವರೆಯಲ್ಲಿದ್ದ ಮೃದಂಗವನ್ನು ಎರಡರ ತನಕ ಎಳೆದೆ, ಉಳಿದ ಅರ್ಧವನ್ನು ದೇವರಿಗೆ ಬಿಟ್ಟೆ. ಅವರು ಎದ್ದು ನಿಂತೇ ಹಾಡಿದ್ದು. ಕೂತು ಹಾಡಿ ಅಂದರೆ ದುರ್ಯೋಧನ ಕೂರಲ್ಲ ಸಾರ್ ಅಂದರು. ಒಂದು ಕಂದ ಪದ್ಯ ಹೇಳಿದರು ನೋಡಿ, ಮೂಲೆಯ ಪ್ರಿಂಟರಿನ ಮುಚ್ಚಳ ಅದುರಿತು. ಶುದ್ಧ ಮೋಹನ. ಮುಂದಿನ ಸಾಲಿನಲ್ಲಿದ್ದ ಶಾಸ್ತ್ರೀಯದವರು ಇಬ್ಬರು ಮೂಗು ಮುರಿದದ್ದನ್ನು ನಾನು ನೋಡಿದೆ. ಪಿಟೀಲು ಕಲಿಯುತ್ತಿರುವ ಎಂಜಿನಿಯರಿಂಗ್ ಹುಡುಗ ಮಾತ್ರ ‘ವನ್ಸ್ ಮೋರ್!’ ಅಂತ ಕೂಗಿಬಿಟ್ಟ. ರೈತರು ಇದಕ್ಕೇ ಕಾದಿದ್ದವರ ಹಾಗೆ ಮತ್ತೆ ಮೊದಲಿಂದ ಎತ್ತಿಕೊಂಡರು. ಹೋಗುವಾಗ ಮೇಡಂ ಹತ್ತಿರ, ‘ಅಕ್ಕಾ, ನಮ್ ಮೇಷ್ಟ್ರು ಇದುನ್ನ ಮೋಹನ ಅಂತಾರೆ. ನಿಮ್ದೂ ಮೋಹನ ಅಂದ್ರಿ. ಎರಡೂ ಒಂದೇನಾ?’ ಅಂತ ಕೇಳಿದರು. ಮೇಡಂ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ನಿಮ್ದು ಜೋರು’ ಅಂದರು.

ಎಲ್ಲ ಶನಿವಾರವೂ ಹೀಗಿರುವುದಿಲ್ಲ. ಮಳೆಗಾಲದಲ್ಲಿ ಒಂದು ದಿನ ನಾನು, ನನ್ನ ಹೆಂಡತಿ, ದಾರಿ ತಪ್ಪಿ ಪ್ಯಾನ್ ಕಾರ್ಡ್ ಜೆರಾಕ್ಸಿಗೆ ಅಂತ ಮೇಲೆ ಬಂದ ಒಬ್ಬರು, ಇಷ್ಟೇ ಜನ. ಇನ್ನೊಂದನ್ನು ಬರೆಯಲೋ ಬೇಡವೋ ಅಂತಿದ್ದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಬಂದು ಸಾವೇರಿ ರಾಗ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಮುಗಿದ ಕೂಡಲೆ ಹಿರಿಯರೊಬ್ಬರು ಎಲ್ಲರ ಎದುರಿಗೇ ‘ಧೈವತ ಬೀಳ್ತಿಲ್ಲಮ್ಮ, ಯಾರ ಹತ್ತಿರ ಪಾಠ?’ ಅಂದರು. ಧೈವತ, ಅಂದರೆ ದ ಸ್ವರ, ಸರಿಯಾಗಿ ಬಿದ್ದಿರಲಿಲ್ಲ ಅನ್ನುವುದು ನಿಜ. ಹುಡುಗಿ ಗುರುಗಳ ಹೆಸರು ಹೇಳದೆ ತಲೆ ತಗ್ಗಿಸಿದಳು. ಆಮೇಲೆ ‘ಕೇಳಿದರೆ ಮಾತ್ರ ಸಲಹೆ, ಅದೂ ಕೆಳಗೆ ಮೆಟ್ಟಿಲ ಹತ್ತಿರ’ ಅಂತ ಇನ್ನೊಂದು ನಿಯಮ ಸೇರಿಸಿದೆ. ಅವಳು ಮತ್ತೆ ಬರಲಿಲ್ಲ. ಅವಳ ಅಪ್ಪ ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಅಂಗಡಿಗೆ ಬರುತ್ತಿರುತ್ತಾರೆ. ಮಗಳು ಹಾಡ್ತಿದ್ದಾಳಾ ಅಂತ ಕೇಳಬೇಕು ಅಂದುಕೊಳ್ಳುತ್ತೇನೆ, ಚಿಲ್ಲರೆ ಕೊಟ್ಟು ಸುಮ್ಮನಾಗುತ್ತೇನೆ.

ಈ ಪೋಸ್ಟ್ ಬರೆಯಲು ಕೂತಿದ್ದು ಕಳೆದ ಜನವರಿಯ ಎರಡನೇ ಶನಿವಾರದ ವಿಷಯ ಹೇಳುವುದಕ್ಕೆ. ಇಷ್ಟು ಹೊತ್ತು ಬರೀ ಶ್ರುತಿ ಕೂಡಿಸಿದೆ ಅಂದುಕೊಳ್ಳಿ.

ಡಿಸೆಂಬರಿನಲ್ಲಿ ಗುಬ್ಬಿ ಹತ್ತಿರದ ಹಳ್ಳಿಯಿಂದ ವಾಲಗದವರೊಬ್ಬರು ಅಂಗಡಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಟಿವಿಎಸ್ ಎಕ್ಸ್‌ಎಲ್, ಮಫ್ಲರ್. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಎರಡೆರಡು ಪ್ರತಿ ತೆಗೀರಿ ಅಂದರು. ಕಾರ್ಯಕ್ರಮ ಕೊಟ್ಟಿದ್ದಕ್ಕೆ ದಾಖಲೆ ಇದ್ದರೆ ಕೊಡಿ, ಒಟ್ಟಿಗೇ ತೆಗೀತೀನಿ ಅಂದೆ. ಅವರು ನಕ್ಕರು. ‘ಎಲ್ಲಿಂದ ತರಲಿ ಸಾರ್? ನಲವತ್ತು ವರ್ಷದಲ್ಲಿ ಎಷ್ಟು ಮದುವೆಗೆ ಊದಿದ್ದೀನೋ ಲೆಕ್ಕ ಇಲ್ಲ. ಲಗ್ನಪತ್ರಿಕೇಲಿ ವಾಲಗದೋನ ಹೆಸರು ಯಾರಾದ್ರೂ ಹಾಕಿಸ್ತಾರಾ?’

ಮಾತಿಗೆ ಮಾತು ಬೆಳೆದು, ನಾನು ಮೃದಂಗದವನು ಅಂತ ಗೊತ್ತಾಗಿ, ಶನಿವಾರದ ಸುದ್ದಿ ಬಂತು. ಧನುರ್ಮಾಸ, ಮುಹೂರ್ತ ಇಲ್ಲ. ಬೆಳಗಿನ ಜಾವ ದೇವಸ್ಥಾನದಲ್ಲಿ ಊದಿದರೆ ಮುಗಿಯಿತು, ಸಂಜೆ ಬಿಡುವು. ಬರ್ತೀನಿ ಅಂದರು.

ಬಂದರು. ಡೋಲು ತಂದರೆ ಬೀದಿಯೇ ಎದ್ದು ಬರುತ್ತೆ ಅಂತ ತಮ್ಮನನ್ನು ಊರಲ್ಲೇ ಬಿಟ್ಟು, ನಾಗಸ್ವರ ಮತ್ತು ಶ್ರುತಿ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದರು. ನಮ್ಮ ರೂಮಿನೊಳಗೆ ನಾಗಸ್ವರ ಊದಿದರೆ ಕಿವಿ ಉಳಿಯುವುದಿಲ್ಲ. ಎಲ್ಲರೂ ತಾರಸಿಗೆ ಹೋದೆವು. ಚಳಿ. ಹೆಂಗಸರು ಸೆರಗು ತಲೆಗೆ ಹೊದ್ದುಕೊಂಡರು, ಗಂಡಸರು ಮಂಕಿ ಕ್ಯಾಪು. ನನ್ನ ಹೆಂಡತಿ ಅವರೆಕಾಳು ಉಪ್ಪಿಟ್ಟು ಮಾಡಿದ್ದಳು, ತಟ್ಟೆಗಳು ಕೈಯಲ್ಲೇ ಇದ್ದವು.

ಅವರು ನಾಗಸ್ವರದ ತುದಿಗೆ ಸಿಕ್ಕಿಸುವ ಪೀಪಿಯನ್ನು ನಾಲಿಗೆಯಲ್ಲಿ ನೆನೆಸಿಕೊಂಡು, ಎರಡು ಸಲ ಊದಿ ನೋಡಿ, ‘ಏನು ಬಾರಿಸಲಿ ಸಾರ್?’ ಅಂದರು. ನಿಮಗೆ ಇಷ್ಟ ಬಂದದ್ದು ಅಂದೆ. ‘ಇಷ್ಟ ಬಂದದ್ದು’ ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ‘ನಮ್ಮಪ್ಪ ತೋಡಿ ರಾಗ ಹೇಳಿಕೊಟ್ಟಿದ್ರು. ಮದುವೆ ಮನೇಲಿ ಶುರು ಮಾಡ್ತೀನಿ, ಗಾಂಧಾರದ ಹತ್ರ ಬರೋ ಹೊತ್ತಿಗೆ ಪುರೋಹಿತ್ರು ಬೆರಳೆತ್ತುತಾರೆ, ಗಟ್ಟಿಮೇಳ, ಗಟ್ಟಿಮೇಳ. ಅಲ್ಲಿಗೆ ಬಿಡ್ಬೇಕು. ಆಮೇಲೆ ಹುಡುಗ್ರು ಸಿನಿಮಾ ಹಾಡು ಕೇಳ್ತಾರೆ.’

ತೋಡಿ ಎತ್ತಿಕೊಂಡರು. ನಾಗಸ್ವರದಲ್ಲಿ ತೋಡಿ ಅಂದರೆ ಟಿ.ಎನ್. ರಾಜರತ್ನಂ ಪಿಳ್ಳೈ ಹೆಸರು ಬಾಯಿಗೆ ಬರುತ್ತದೆ. 1956ರಲ್ಲಿ ತೀರಿಹೋದವರು, ಅವರ ತೋಡಿಯನ್ನು ಹಳೆಯ ರೆಕಾರ್ಡುಗಳಲ್ಲಿ ಕೇಳಿ ಬೆಳೆದವರು ನಾವು. ನಮ್ಮ ತಾರಸಿಯ ತೋಡಿ ಅದಲ್ಲ. ಉಸಿರು ಅಲ್ಲಲ್ಲಿ ಸಾಲದೆ ಬರುತ್ತಿತ್ತು, ಮೇಲಿನ ಷಡ್ಜಕ್ಕೆ ಹೋದಾಗ ಒಂದು ಸಲ ಪೀಪಿ ಚೀರಿತು. ಅವರು ನಿಲ್ಲಿಸಿದರು. ನಮ್ಮ ನಿಯಮ ಅವರಿಗೆ ನಾನು ಹೇಳಿರಲೇ ಇಲ್ಲ. ಪೀಪಿ ಬದಲಾಯಿಸಿ, ಧೈವತದಿಂದ ಮತ್ತೆ ಹೊರಟರು. ಗಾಂಧಾರವನ್ನು ತೂಗುತ್ತ ತೂಗುತ್ತ ಅಲ್ಲೇ ನಿಂತುಬಿಟ್ಟರು. ನಲವತ್ತು ವರ್ಷದಿಂದ ಯಾರೋ ಬೆರಳೆತ್ತಿ ಎಬ್ಬಿಸಿದ ಜಾಗದಲ್ಲಿ ಕಾಲು ಚಾಚಿಕೊಂಡು ಕೂತ ಹಾಗೆ. ಕೆಳಗೆ ಬೀದಿಯಲ್ಲಿ ಜನ ನಿಂತು ಮೇಲೆ ನೋಡುತ್ತಿದ್ದರು. ಎದುರು ಮನೆಯಾಕೆ ಬಾಲ್ಕನಿಗೆ ಬಂದು ನನ್ನ ಹೆಂಡತಿಯನ್ನು ‘ಏನ್ರೀ, ಧನುರ್ಮಾಸದಲ್ಲಿ ಯಾರದ್ರೀ ಮದುವೆ?’ ಅಂತ ಕೇಳಿದರು.

12 ನಿಮಿಷ ಆಯಿತು. 15 ಆಯಿತು. ಎಲ್ಲರೂ ನನ್ನ ಕಡೆ ನೋಡಿದರು. ಮುಕ್ತಾಯ ಬಾರಿಸಿ ಮುಗಿಸೋಣ ಅಂದರೆ ಆಲಾಪನೆಗೆ ತಾಳವೇ ಇಲ್ಲ, ನಾಗಸ್ವರಕ್ಕೆ ಮೃದಂಗವೂ ಇಲ್ಲ. ಕೈಕಟ್ಟಿ ಕೂತೆ. 27 ನಿಮಿಷ ನುಡಿಸಿದರು. ಉಪ್ಪಿಟ್ಟು ತಣ್ಣಗಾಗಿ ಕಲ್ಲಾಗಿತ್ತು.

ಎಲ್ಲ ಹೊರಟ ಮೇಲೆ ಅವರು ಮೆಟ್ಟಿಲ ಹತ್ತಿರ ನಿಂತಿದ್ದರು. ‘ಸಾರ್, ಇವತ್ತಿಂದಕ್ಕೆ ಒಂದು ಪಾಂಪ್ಲೆಟ್ ಏನಾದ್ರೂ ಇದ್ರೆ...’

ಇರಲಿಲ್ಲ. ಇಲ್ಲದಿರುವುದೇ ನಮ್ಮ ಹೆಮ್ಮೆ ಅಂತ ಅವರಿಗೆ ಹೇಗೆ ಹೇಳುವುದು? ಕೆಳಗೆ ಹೋಗಿ ಅರ್ಧ ಎಳೆದಿದ್ದ ಷಟರ್ ಎತ್ತಿ ಕಂಪ್ಯೂಟರ್ ಹಾಕಿದೆ. ಇವತ್ತಿನ ದಿನಾಂಕ, ನಾಗಸ್ವರ ವಾದನ, ರಾಗ ತೋಡಿ, ಅವರ ಹೆಸರು ದಪ್ಪ ಅಕ್ಷರದಲ್ಲಿ. ಸ್ಥಳ ಅನ್ನುವಲ್ಲಿ ಸ್ವಲ್ಪ ಯೋಚಿಸಿ ‘ಜೆರಾಕ್ಸ್ ಅಂಗಡಿಯ ಮಹಡಿ’ ಅಂತಲೇ ಹೊಡೆದೆ. ಆಯೋಜಕರು ಅನ್ನುವ ಜಾಗ ಖಾಲಿ ಉಳಿಯಿತು. ಲ್ಯಾಮಿನೇಶನ್ ಮಾಡಿಕೊಡಲಾ ಅಂದೆ. ‘ಬೇಡ ಸಾರ್, ಮೇಲೆ ಸೀಲ್ ಬೀಳ್ಬೇಕಲ್ಲ’ ಅಂದರು. ನಮ್ಮಲ್ಲಿ ಸಂಘ ಇಲ್ಲ, ಸೀಲೂ ಇಲ್ಲ. ಅಂಗಡಿಯ ಸೀಲನ್ನೇ ಒತ್ತಿ ಸಹಿ ಹಾಕಿಕೊಟ್ಟೆ. ಅದು ನಡೆಯುತ್ತೋ ಇಲ್ಲವೋ. ಅವರು ದೀಪದ ಕೆಳಗೆ ಹಿಡಿದು ಎರಡು ಸಲ ಓದಿ, ನಾಲ್ಕು ಪ್ರತಿ ತೆಗೆಸಿಕೊಂಡು, ಜೇಬಿಂದ ದುಡ್ಡು ತೆಗೆದರು. ಬೇಡ ಅಂದೆ.

‘ಮುಂದಿನ ತಿಂಗಳು?’ ಅಂತ ಕೇಳಿದೆ.

‘ಮಾಘ ಬಂತು ಅಂದ್ರೆ ಲಗ್ನ ಶುರು ಸಾರ್, ಶನಿವಾರ ಎಲ್ಲ ರಿಸೆಪ್ಷನ್. ಆಷಾಢದಲ್ಲಿ ಬರ್ತೀನಿ. ಆಷಾಢದಲ್ಲಿ ನನ್ನ ಯಾರೂ ಕರೆಯಲ್ಲ.’